ದಫೀನಾ ಎಂದು ಓದಿದ್ದು

ಗಂಡ ಹೆಂಡತಿ ಸೇರಿ ಕಳೆದುಹೋದ ನಿಧಿ ಹುಡುಕುವ ಸಾಹಸದ ಕಾದಂಬರಿಯೊಂದನ್ನು ನಾನು ಬರೆಯುತ್ತಿದ್ದೆ. ಕೊನೆಯ ಅಧ್ಯಾಯವೊಂದು ಬಾಕಿ ಇತ್ತು. ರಾಯಚೂರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ, ಕುಕ್ಕರಿನ ಸೀಟಿ ಎಣಿಸುತ್ತ ಬರೆದದ್ದು ಅದು. ನನ್ನ ಕಾದಂಬರಿಯ ಗಂಡ ಹೆಂಡತಿಯ ಕೈ ಹಿಡಿದು ಸುರಂಗ ಇಳಿಯುತ್ತಿದ್ದ. ನನ್ನ ಸ್ವಂತ ಗಂಡನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಮಾತೆಲ್ಲ ಒಟ್ಟು ಮಾಡಿದರೆ ಉಪ್ಪು ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು, ಇಷ್ಟೇ. ಅಂಥ ಮನುಷ್ಯ ಒಂದು ಭಾನುವಾರ ನನ್ನ ನೋಟ್‌ಬುಕ್ಕು ಎತ್ತಿಕೊಂಡು, ಕೂತಲ್ಲಿಂದ ಏಳದೆ ಓದಿ, ಮುಂದೇನಾಯಿತು ಎಂದು ಕೇಳಿದರು. ಹಾಳಾದ ನನ್ನ ಜೀವ ಅಷ್ಟಕ್ಕೇ ಕರಗಿಹೋಯಿತು.

ಅದೇ ವಾರ ಮಾವನವರ ಟ್ರಂಕು ತೆಗೆದೆವು. ಅವರು ತೀರಿಕೊಂಡು ಇಪ್ಪತ್ತು ವರ್ಷ ಆಗಿತ್ತು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಬಾಯಲ್ಲಿ ಕನ್ನಡ, ಕೈಯಲ್ಲಿ ಉರ್ದು. ಟ್ರಂಕಿನ ತಳದಲ್ಲಿ ಅವರ ಕೈಬರಹದ ಒಂದು ಮಡಿಸಿದ ಕಾಗದ ಸಿಕ್ಕಿತು. ಕಾದಂಬರಿಗೆ ಬೇಕಾದೀತು ಎಂದು ನಾನು ಪಕ್ಕದ ಮನೆಯಾಕೆಯ ಹತ್ತಿರ ಉರ್ದು ಅಕ್ಷರ ಕಲಿತಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಮಸರಕಲ್ ಕಡೆಯ ಹೊಲ, ಬನ್ನಿ ಗಿಡದಿಂದ ಮೂಡಲಕ್ಕೆ ಇಪ್ಪತ್ತು ಹೆಜ್ಜೆ, ಬಚೀ ದಫೀನಾ. ಬಚೀ ಅಂದರೆ ಉಳಿದದ್ದು. ದಫೀನಾ ಅಂದರೆ ಹೂತಿಟ್ಟ ನಿಧಿ. ಉಳಿದದ್ದನ್ನೇ ಇಷ್ಟು ಗುಟ್ಟಾಗಿ ಬರೆದಿಟ್ಟಿದ್ದಾರೆಂದರೆ ಮೊದಲು ತೆಗೆದದ್ದು ಎಷ್ಟಿತ್ತೋ ಎಂದು ನನ್ನ ಗಂಡ ಬಾಯಿ ಚಪ್ಪರಿಸಿದರು. ಅವತ್ತು ಅಂಗಡಿಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ, ಒಂದೇ ಚಾಪೆಯ ಮೇಲೆ, ಆ ಕಾಗದ ಹಿಡಿದು ಕೂತಿದ್ದರು.

ಖಾತ್ರಿ ಮಾಡಿಕೊಂಡು ಬಾ ಎಂದು ನನ್ನನ್ನು ಮಾನ್ವಿಗೆ ಕಳಿಸಿದವರೂ ಅವರೇ. ಅಲ್ಲಿ ಅವರಿಗೆ ಪರಿಚಯದ ಒಬ್ಬ ನಿವೃತ್ತ ಉರ್ದು ಮಾಸ್ತರರಿದ್ದರು. ಮಾಸ್ತರರು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು, ಉಗುರಿನಿಂದ ಮೆಲ್ಲಗೆ ಕೆರೆದರು.

“ಇವು ಅಕ್ಷರದ ಚುಕ್ಕಿ ಅಲ್ಲ ತಾಯಿ, ನೊಣದ ಹಿಕ್ಕಿ. ಇದು ದಫೀನಾ ಅಲ್ಲ, ದಫನ್. ಮೊದಲಿಂದು ಬಚೀ ಅಲ್ಲ, ಬಚ್ಚಿ. ಬರಿಯೂದು ಎರಡೂ ಒಂದ ಥರ. ಹೆಣ್ಣುಕೂಸನ್ನ ಅಲ್ಲಿ ಮಣ್ಣು ಮಾಡ್ಯಾರ.”

ಆ ಕೂಸು ಯಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನನ್ನ ಅತ್ತೆಯ ಚೊಚ್ಚಲು. ಒಂದೂವರೆ ತಿಂಗಳಿಗೆ ಹೋದ ಮಗು. ಅತ್ತೆ ಬಾಣಂತಿ ಕೋಣೆಯಲ್ಲಿ ಜ್ವರದಿಂದ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಮಾವನವರು ಒಬ್ಬರೇ ಒಯ್ದು ಮಣ್ಣು ಮಾಡಿ ಬಂದಿದ್ದರು. ಎಲ್ಲಿ ಎಂದು ಹೇಳಲಿಲ್ಲ. ನಾಲ್ಕು ಕಡೆ ಹೊಲವಿತ್ತು ಆಗ. ಹೇಳಿದರೆ ಹುಚ್ಚಿ ಅಲ್ಲೇ ಹೋಗಿ ಬೀಳುತ್ತಾಳೆ ಎಂದು ಹೆದರಿದರಂತೆ. ಅತ್ತೆ ಅರವತ್ತು ವರ್ಷ ಅದೊಂದನ್ನೇ ಕೇಳಿದರು. ಗಂಡನನ್ನು ಕೇಳಿದರು, ಮೈದುನರನ್ನು ಕೇಳಿದರು. ಅವರೆಲ್ಲ ಹೋದ ಮೇಲೆ, ದಿನಾ ಬೆಳಿಗ್ಗೆ ತಲೆ ಬಾಚುವ ನನ್ನನ್ನು ಕೇಳುತ್ತಿದ್ದರು. ಸಾಯೋದರೊಳಗೆ ಒಮ್ಮೆ ಅಲ್ಲಿ ಹೋಗಿ ಒಂದು ಚರಿಗೆ ಹಾಲೆರೆದು ಬರಬೇಕು, ಅಷ್ಟೇ ಆಸೆ.

ಬಸ್ಸು ಕಲ್ಮಲ ದಾಟುವವರೆಗೂ ಹೇಳಲೇಬೇಕು ಅಂತಿದ್ದೆ, ದೇವರಾಣೆ. ಆದರೆ ಮನೆ ಮುಟ್ಟಿದಾಗ ನನ್ನ ಗಂಡ ಚಹಾ ಮಾಡಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಮದುವೆಯಾದಾಗಿನಿಂದ ಅವರು ಒಲೆ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಏನಂದರು ಎಂದು ಕೇಳಿದರು. ಇನ್ನು ಎರಡೇ ಮಾತಿಗೆ ಈ ಚಹಾ, ಈ ಚಾಪೆ, ಈ ಗಂಡ, ಕಾದಂಬರಿಯ ಕೊನೆಯ ಅಧ್ಯಾಯ ಎಲ್ಲ ಮುಗಿದುಹೋಗುತ್ತಿದ್ದವು. ದಫೀನಾ, ಖಾತ್ರಿ ಎಂದೆ. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಪೂರ್ತಿ ಕುಡಿದೆ.

ಆಮೇಲೆ ಹನ್ನೊಂದು ದಿನ. ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದವನು ಹತ್ತಿ ಕಟ್ಟಿಗೆ ಕಿತ್ತು ಮುಗಿಸಬೇಕಿತ್ತು, ಜೆಸಿಬಿ ಬಿಡುವಾಗಬೇಕಿತ್ತು. ಆ ಹನ್ನೊಂದು ದಿನವೂ ಅತ್ತೆಯ ತಲೆ ಬಾಚಿದೆ. ನಡುವೆ ಒಂದು ದಿನ ಪಕ್ಕದ ಮನೆಯ ಕೂಸು ಅತ್ತಾಗ ಅವರು ಮತ್ತೆ ಅದನ್ನೇ ತೆಗೆದರು. ಆಯ್ತು ಬಿಡ್ರಿ ಅತ್ತಿ, ಎಷ್ಟು ಸಲ ಅದನ್ನೇ ಕೇಳುತ್ತೀರಿ ಎಂದು ರೇಗಿ, ಹಣಿಗೆಯನ್ನು ಜೋರಾಗಿ ಎಳೆದೆ. ಎಂಥ ಕಟುಕಿ ನಾನು ಅನ್ನುವುದು ನನಗೆ ಗೊತ್ತೇ ಇತ್ತು, ಗೊತ್ತಿದ್ದೇ ಎಳೆದೆ.

ಕೃಷಿಹೊಂಡ ತೋಡಿಸುತ್ತೇವೆ ಎಂದು ಹೇಳಿ ದೇವದುರ್ಗದಿಂದ ಜೆಸಿಬಿ ತರಿಸಿದೆವು. ಬನ್ನಿ ಗಿಡ ಯಾವತ್ತೋ ಕಡಿದುಹೋಗಿತ್ತು. ಇಲ್ಲಿತ್ತು, ಅಲ್ಲ, ಅಲ್ಲಿತ್ತು ಎಂದು ನನ್ನ ಗಂಡ ಹೊಲದ ತುಂಬ ಓಡಾಡಿದರು. ಮಧ್ಯಾಹ್ನದೊಳಗೆ ನಾಲ್ಕು ಗುಂಡಿ, ನಾಲ್ಕು ಕರಿಮಣ್ಣಿನ ರಾಶಿ. ನಾನು ಛತ್ರಿ ಹಿಡಿದು ಬದುವಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ: ಮಣ್ಣಿನ ವಾಸನೆ, ಗಂಡನ ಬೆವರು, ಬಕೆಟ್ಟು ಕೆಳಗಿಳಿಯುವ ಸದ್ದು. ಎಲ್ಲ ನನಗೆ ಬೇಕಾಗಿತ್ತು. ಕೂಸಿನ ಎಲುಬು ಇಷ್ಟು ವರ್ಷಕ್ಕೆ ಮಣ್ಣಾಗಿರುತ್ತದೆ, ಏನೂ ಸಿಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಸಿಕ್ಕಿತು. ಕೆಲಸ ಮುಗಿಸಿ ಡ್ರೈವರ್ ಕೋಲಿನಿಂದ ಬಕೆಟ್ಟಿನ ಹಲ್ಲಿಗೆ ಮೆತ್ತಿದ ಮಣ್ಣು ಕೆರೆಯುವಾಗ ಅಡಕೆಯಷ್ಟು ದಪ್ಪದ್ದೊಂದು ಕರಿಯ ವಸ್ತು ಕೆಳಗೆ ಬಿತ್ತು. ನನ್ನ ಗಂಡ ಓಡಿಹೋಗಿ ಎತ್ತಿಕೊಂಡು ಅಂಗಿಗೆ ತಿಕ್ಕಿದರು, ತಿಕ್ಕಿದಂತೆ ಬಿಳಿ ಹೊಳೆಯಿತು. ನೋಡುತ್ತ ನೋಡುತ್ತ ಅವರ ಕೈ ನಿಂತುಬಿಟ್ಟಿತು. ಅದು ಬೆಳ್ಳಿಯ ಕರಡಿಗೆ, ಎಳೆಗೂಸಿನ ಕೊರಳಿಗೆ ಲಿಂಗವಿಟ್ಟು ಕಟ್ಟುವಂಥದ್ದು. ನಮ್ಮವರಲ್ಲಿ ಲಿಂಗ ಮಣ್ಣಿಗೆ ಹೋಗುವುದು ಸತ್ತವರ ಜೊತೆಗೇ. ತಮಗಿಂತ ಮೊದಲು ಒಬ್ಬ ಅಕ್ಕ ಹುಟ್ಟಿ ಹೋಗಿದ್ದಳೆಂದು ಅವರಿಗೂ ಗೊತ್ತಿತ್ತು. ಹೆಂಟೆಗಳ ಮೇಲೆ ಕುಸಿದು ಕೂತು, ದಫೀನಾ ಅಂತಲೇ ಇತ್ತಲ್ಲ ಎಂದು ನನ್ನನ್ನು ಕೇಳಿದರು. ಆಗಲೂ ಹೌದೆಂದು ಗೋಣು ಹಾಕಿದೆ.

ಮನೆಗೆ ಬಂದು ಕರಡಿಗೆಯನ್ನು ತಾಯಿಯ ಅಂಗೈಯಲ್ಲಿಟ್ಟು ಅವರು ಅತ್ತರು. ಅತ್ತೆ ಅಳಲಿಲ್ಲ. ಕರಡಿಗೆಯನ್ನು ಬೆರಳಿನಿಂದ ಸವರುತ್ತ ಕೂತರು. ನನ್ನ ಗಂಡ ಸಿಟ್ಟು ತಡೆಯಲಾರದೆ ಮಾಸ್ತರರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಎಂಥ ಓದು ಓದಿದಿರಿ ಎಂದು ಬಯ್ಯತೊಡಗಿದರು. ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ಬಚ್ಚಿ ದಫನ್ ಎಂದು ಅವತ್ತೇ ನಿಮ್ಮ ಮನೆಯವರಿಗೆ ಬಿಡಿಸಿ ಹೇಳಿದ್ದೇನಲ್ಲ ಎಂದರು. ಗಂಡ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ನಿನಗೆ ಗೊತ್ತಾಗಿ ಎಷ್ಟು ದಿನವಾಯಿತು ಎಂದು ಅತ್ತೆ ಕೇಳಿದರು. ಹನ್ನೊಂದು ಎಂದೆ.

“ಅಂವ ಸಾಯೂತನಕ ಹೇಳಲಿಲ್ಲ. ನಾ ಸತ್ತುಗಿತ್ತು ಹೋದೇನು ಅಂತ ಅಂವಗ ಹೆದರಿಕಿ ಇತ್ತು. ನಿನಗೇನಿತ್ತು?”

ಪುಸ್ತಕ ಎಂದೆ. ಗಂಡನ ಒಂದು ಮಾತಿಗೆ ಬಾಯಿಬಿಟ್ಟುಕೊಂಡು ಕೂತಿದ್ದೆ ಎಂದು ಅವರೆದುರು ಹೇಗೆ ಹೇಳಲಿ?

ಮರುದಿನ ಬೆಳಿಗ್ಗೆ ಕಾರು ಮಾಡಿಕೊಂಡು ಅವರನ್ನು ಹೊಲಕ್ಕೆ ಕರೆದೊಯ್ದೆವು. ಹಾಲಿನ ಚರಿಗೆಗೆ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದರು. ಬದುವಿನ ಮೇಲೆ ನಿಂತು ನಾಲ್ಕು ಗುಂಡಿ, ನಾಲ್ಕು ರಾಶಿ ನೋಡಿದರು. ಕರಡಿಗೆ ಸಿಕ್ಕಿದ್ದು ಬಕೆಟ್ಟಿನ ಹಲ್ಲಿನಲ್ಲಿ. ಅದು ಯಾವ ಗುಂಡಿಯದು, ಆ ಮಣ್ಣು ಯಾವ ರಾಶಿಗೆ ಬಿತ್ತು, ನಮಗೆ ಗೊತ್ತಿರಲಿಲ್ಲ. ಯಾವುದು ಎಂದು ಅವರು ಕೇಳಿದರು. ನನ್ನ ಗಂಡ ತಟ್ಟನೆ ಮೊದಲನೆಯ ರಾಶಿಯ ಕಡೆ ಬೆರಳು ಮಾಡಿ ಇದೇ ಎಂದರು. ಅದೇ ಹೊತ್ತಿಗೆ, ಮುದುಕಿಗೆ ಸಮಾಧಾನವಾಗಲಿ ಎಂದು, ನಾನು ಮೂರನೆಯದರ ಕಡೆ ಬೆರಳು ಮಾಡಿದ್ದೆ.

ಅತ್ತೆ ಅವರ ಬೆರಳು ನೋಡಿದರು, ನನ್ನ ಬೆರಳು ನೋಡಿದರು.

“ಗೊತ್ತಿಲ್ಲ ಅನ್ರಿ. ಅಷ್ಟರೆ ಖರೇ ಹೇಳ್ರಿ.”

ಗೊತ್ತಿಲ್ಲ ಅತ್ತಿ ಎಂದೆ. ಅವರು ಚರಿಗೆಯ ಮುಚ್ಚಳ ತೆಗೆಯಲಿಲ್ಲ.