ಅಣ್ಣನ ಸೀನು ಮತ್ತು ಒಂದು ಬಾಟಲಿ ಟಾನಿಕ್ಕು

ನಮ್ಮ ಮನೆತನದಲ್ಲಿ ಆಸ್ತಿ ಅಂತ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಸೀನು ಮಾತ್ರ ಧಾರಾಳವಾಗಿತ್ತು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೂ ನನಗೂ ಜಗಳವಿಲ್ಲದೆ ಪಾಲಾಗಿ ಬಂದದ್ದು ಅದೊಂದೇ. ಹೊಸೂರು ಸೀಮೆಯ ಕೆಲಮಂಗಲದ ಪಕ್ಕದ ನಮ್ಮೂರಿನಲ್ಲಿ ರಾಗಿ ಕಣ ಶುರುವಾಯಿತೆಂದರೆ ತೂರಿದ ರಾಗಿಯ ಸುಂಕು ಗಾಳಿಯಲ್ಲೆಲ್ಲ ಹಾರುತ್ತದೆ. ಊರಿನವರಿಗೆ ಮೈ ಕಡಿದರೆ ನಮಗೆ ಮೂಗು ಕಡಿಯುತ್ತಿತ್ತು. ನಾನು ಸೀನಿದರೆ ಬೆಕ್ಕು ಸೀನಿದ ಹಾಗೆ. ಪಕ್ಕದಲ್ಲಿ ಕೂತವರಿಗೂ ಅನುಮಾನ. ಅಣ್ಣ ಸೀನಿದರೆ ಕೊಟ್ಟಿಗೆಯಲ್ಲಿ ಮಲಗಿದ್ದ ಎತ್ತುಗಳು ಎದ್ದು ನಿಲ್ಲುತ್ತಿದ್ದವು.

ಈಗಿನ ಡಾಕ್ಟರುಗಳು ಇದಕ್ಕೆ ಅಲರ್ಜಿ ಅನ್ನುತ್ತಾರೆ. ನಮಗೆ ಆಗ ಆ ಮಾತು ಗೊತ್ತಿರಲಿಲ್ಲ. ಶಕುನ ಅನ್ನುವ ಮಾತು ಗೊತ್ತಿತ್ತು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ಒಂಟಿ ಸೀನು ಬಿದ್ದರೆ ಕೆಟ್ಟದ್ದು. ಹೊರಟವರು ಹಿಂದಕ್ಕೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅದರ ಹಿಂದೆಯೇ ಇನ್ನೊಂದು ಸೀನು ಬಿದ್ದು ಜೋಡಿಯಾದರೆ ಶುಭ. ಪಂಚಾಂಗದ ಹಿಂದಿನ ಪುಟಗಳಲ್ಲಿ ಹಲ್ಲಿ ಎಲ್ಲೆಲ್ಲಿ ಬಿದ್ದರೆ ಏನೇನು ಫಲ ಎಂದು ಉದ್ದಕ್ಕೆ ಬರೆದಿರುತ್ತಾರೆ. ಹಲ್ಲಿಗೆ ಅಷ್ಟು ಮರ್ಯಾದೆ ಕೊಟ್ಟವರು ಮನುಷ್ಯನ ಮೂಗಿಗೆ ಒಂದು ರಿಯಾಯಿತಿಯನ್ನಾದರೂ ಇಡಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮಿಬ್ಬರ ಮೂಗಿನ ದೆಸೆಯಿಂದ ನಮ್ಮೂರಿನ ಜನ ಕುಡಿದಷ್ಟು ನೀರನ್ನು ಬೇರೆ ಯಾವ ಊರಿನವರೂ ಕುಡಿದಿರಲಾರರು.

ಅಣ್ಣ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ಬೆಳಿಗ್ಗೆ ಹೊಸಿಲು ದಾಟುವಾಗ ನನ್ನದೇ ಒಂಟಿ ಸೀನು ಬಿತ್ತು. ನಾನು ಪೆಚ್ಚಾಗಿ ನಿಂತೆ. ಅಣ್ಣ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಓಣಿಯೆಲ್ಲ ಅದುರುವಂತೆ ಸೀನಿಬಿಟ್ಟ. "ಆಯ್ತು ಹೋಗ್ಲಾ, ಜೋಡಿ ಆಯ್ತು" ಅಂದ. ನಮ್ಮವ್ವ, "ನಶ್ಯದ ಸೀನು ಸಲ್ತದೇನ್ಲಾ?" ಎಂದು ರೇಗಿದಳು. ಅಣ್ಣ ಮೂಗೊರೆಸಿಕೊಳ್ಳುತ್ತ, "ತನಗೋಸ್ಕರ ಹಾಕ್ಕಂಡ್ರೆ ಸಲ್ಲಾಕಿಲ್ಲ ಕಣವ್ವ. ಇನ್ನೊಬ್ರಿಗೋಸ್ಕರ ಹಾಕ್ಕಂಡ್ರೆ ಸಲ್ತದೆ" ಅಂದ. ಇದು ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ನಾನು ಪಾಸಾದೆ.

ಪಾಸಾದದ್ದರಿಂದ ಕೆಲಮಂಗಲದ ಒಂದು ಸೊಸೈಟಿಯಲ್ಲಿ ಗೊಬ್ಬರ, ಕ್ರಿಮಿನಾಶಕ ಮಾರುವ ಗುಮಾಸ್ತನಾದೆ. ತಳಿ ಎಂಬ ಊರಿನ ಕಡೆಯಿಂದ ಕೋಸು ಬೆಳೆಯುವವರು ಜೀಪಿನಲ್ಲಿ ಬಂದು, ಬಾಟಲಿಯ ಮೇಲಿನ ಇಂಗ್ಲಿಷನ್ನು ನನ್ನಿಂದ ಓದಿಸಿಕೊಂಡು ಹೋಗುತ್ತಿದ್ದರು. ನಾನು ಕನ್ನಡಕ ಏರಿಸಿ, "ಒಂದು ಕ್ಯಾನಿಗೆ ಒಂದೇ ಮುಚ್ಚಳ. ಬೇಗ ವಾಸಿಯಾಗಲಿ ಅಂತ ಎರಡು ಹಾಕಿದರೆ ಎಲೆ ಸುಟ್ಟುಹೋಗುತ್ತದೆ. ಬೇರೆ ಔಷಧಿಯ ಜೊತೆ ಬೆರೆಸಬೇಡಿ" ಎಂದು ಕನ್ನಡ, ತೆಲುಗು, ತಮಿಳು ಮೂರು ಭಾಷೆಯಲ್ಲೂ ಹೇಳುತ್ತಿದ್ದೆ. ಯಾವ ಕೋಸಿನ ಗಿಡವೂ ನನ್ನಿಂದ ಕೆಡಲಿಲ್ಲ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಮುಂದೆ ಬರುವುದಕ್ಕೆ ಇದು ಬೇಕು.

ಅಣ್ಣನಿಗೆ ಮಕ್ಕಳಿರಲಿಲ್ಲ. ಅತ್ತಿಗೆ ಬೇಗ ಹೋಗಿಬಿಟ್ಟಳು. ನನ್ನ ಮಗಳು ಗೌರಿ ಬೆಳೆದದ್ದೆಲ್ಲ ಅವನ ಹೆಗಲ ಮೇಲೆ. ಎಪ್ಪತ್ತರ ದಶಕದ ನಡುವಿನಲ್ಲಿ, ರಾಯಕೋಟೆಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದಾಗ ಸರಿಯಾಗಿ ಕಣದ ಕಾಲ. ಮನೆಯ ಹಿರಿಯನೆಂದು ಅಣ್ಣನೇ ಎದುರಿಗೆ ಕೂತು ಮಾತಾಡಬೇಕು, ತಾಂಬೂಲ ಕೊಡಬೇಕು. ಅವನೋ ಬೆಳಗಿನಿಂದ ಒಂದೊಂದಾಗಿ ಸಿಡಿಸುತ್ತಿದ್ದಾನೆ. ತಾಂಬೂಲದ ತಟ್ಟೆ ಕೈಯಿಂದ ಕೈಗೆ ಹೋಗುವಾಗ ಅಂಥದ್ದೊಂದು ಬಿದ್ದರೆ ಸಂಬಂಧ ಅಲ್ಲಿಗೇ ಮುರಿಯಿತು ಎಂದು ಹೆದರಿದೆ.

ನಾನು ಕೆಲಮಂಗಲದ ಮೆಡಿಕಲ್ ಶಾಪಿನಿಂದ ಕೆಂಪು ಬಾಟಲಿಯೊಂದನ್ನು ತಂದೆ. ಕೆಮ್ಮು, ನೆಗಡಿ, ಸೀನು, ಮೂಗು ಸೋರುವುದು ಎಲ್ಲಕ್ಕೂ ಅದೊಂದೇ ಸಾಕು ಎಂದು ಅಂಗಡಿಯವರು ಹೇಳಿದ್ದರು. ಸಾಕು ಅಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮನೆಯಲ್ಲಿ ಹಿಂದಿನ ವರ್ಷದ ನೆಗಡಿಯ ಹಳದಿ ಮಾತ್ರೆಗಳೂ ಉಳಿದಿದ್ದವು. ಕೋಸಿನ ಬಾಟಲಿಗೆ ಕನ್ನಡಕ ಹಾಕುವವನು ಅಣ್ಣನ ಬಾಟಲಿಗೆ ಹಾಕಲಿಲ್ಲ. ಮುಚ್ಚಳ ಅಳೆಯುವುದಕ್ಕೇ ಇದ್ದರೂ, ಅಡಿಗೆಮನೆಯಿಂದ ಸಾರಿನ ಚಮಚವನ್ನೇ ತಂದೆ. ನೆಗಡಿ ಔಷಧಿ ಎಂದರೆ, "ನಂಗೇನಾಗದೆ?" ಎಂದು ಜಗಳ ತೆಗೆಯುವ ಮನುಷ್ಯ ಅವನು. ಅದಕ್ಕೇ, "ಶಕ್ತಿ ಟಾನಿಕ್ಕು ಅಣ್ಣಾ. ನೆಂಟರ ಮುಂದೆ ಮಾತಾಡೋಕೆ ಗಂಟಲಿಗೆ ಒಳ್ಳೇದು" ಎಂದೆ.

"ಇದೇನ್ಲಾ, ವಸಿ ಸಿಹಿ, ವಸಿ ಕಹಿ?" ಎಂದು ಚಪ್ಪರಿಸಿದ. "ಸರಿ, ಈ ಮಾತ್ರೆ ಯಾತಕ್ಕೆ?"

"ಟಾನಿಕ್ಕು ಅರಗೋಕೆ."

"ಟಾನಿಕ್ಕು ಅರಗೋಕೆ ಮಾತ್ರೆ, ಮಾತ್ರೆ ಅರಗೋಕೆ ಏನು ಕೊಡ್ತೀಯಾ? ಓದಿದೋರ ಹೊಟ್ಟೆ ಸಾವಾಸವೇ ಬ್ಯಾಡ" ಎಂದು ನಗುತ್ತ ನುಂಗಿದ. ಎಷ್ಟಾದರೂ ನಾನು ಕೊಟ್ಟದ್ದಲ್ಲವೇ?

ಸೀನು ನಿಂತಿತು. ನೆಂಟರು ಬಂದು ಜಮಖಾನದ ಮೇಲೆ ಕೂತಾಗ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದು ನಾನು ಕಂಡೇ ಇರಲಿಲ್ಲ. ಸೀನಿನ ಜೊತೆಗೆ ಅಣ್ಣನೂ ನಿಂತುಬಿಟ್ಟಿದ್ದ. ಕಂಬಕ್ಕೊರಗಿ, ಎಲೆ ಅಡಿಕೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದ. ಗಂಡಿನ ಸೋದರಮಾವ, ಜೀಪಿನಲ್ಲಿ ಎಲ್ಲರನ್ನೂ ಕರೆತಂದಿದ್ದವರು, "ಇದೇನು ಸಾಮಿ, ಹುಡುಗೀನ ನೋಡಾಕೆ ಬಂದ್ರೆ ಯಜಮಾನ್ರು ಕನಸು ನೋಡ್ತಾವ್ರೆ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಾಂಬೂಲವನ್ನು ನಾನೇ ಕೊಟ್ಟೆ. ಸಂಬಂಧ ಕುದುರಿತು.

ಸಂಜೆ ನೆಂಟರು ಹೊರಡುವ ಹೊತ್ತಿಗೆ ಅಣ್ಣ ಹಿತ್ತಲಿಗೂ ಅಂಗಳಕ್ಕೂ ಓಡಾಡುತ್ತಿದ್ದ. ಮುಖ ಬೆವತು ಕಂದಿತ್ತು. ನನ್ನನ್ನು ಗೋಡೆಯ ಮರೆಗೆ ಕರೆದು, "ನಾರಾಣಿ, ನೀರು ಬತ್ತಾ ಇಲ್ಲ ಕಣ್ಲಾ. ಹೊಟ್ಟೆ ಒಡೆದೋಗ್ತದೆ. ಯಾರಿಗೂ ಹೇಳ್ಬ್ಯಾಡ" ಅಂದ. ಒಂದಕ್ಕೆ ಕಟ್ಟಿಕೊಂಡಿತ್ತು. ಹೇಳದೆ ಮುಚ್ಚಿಡುವ ನೋವು ಅದಾಗಿರಲಿಲ್ಲ. ಸೋದರಮಾವನವರೇ ಜೀಪಿಗೆ ಹತ್ತಿಸಿಕೊಂಡು, ಗಂಡಿನ ಕಡೆಯವರನ್ನು ರಾಯಕೋಟೆಯಲ್ಲಿ ಇಳಿಸಿ, ನಮ್ಮನ್ನು ನೇರ ಕೃಷ್ಣಗಿರಿಗೆ ಕರೆದೊಯ್ದರು. ಕುಲುಕಾಟಕ್ಕೊಮ್ಮೆ ಅಣ್ಣ ನನ್ನ ತೊಡೆ ಹಿಡಿದುಕೊಳ್ಳುತ್ತಿದ್ದ.

ಡಾಕ್ಟರು ಕೊಳವೆ ಹಾಕಿದರು. ಅಣ್ಣ, "ಅಪ್ಪಾ ತಂದೆ" ಎಂದು ಕಣ್ಣು ಮುಚ್ಚಿದ. ಆಮೇಲೆ ಡಾಕ್ಟರು ಹೊರಗೆ ಬಂದು ತಮಿಳಿನಲ್ಲಿ, "ಸಳಿಕ್ಕು ಮರುಂದು ಏದಾವದು ಸಾಪ್ಟಾರಾ?" ಎಂದು ಕೇಳಿದರು, ನೆಗಡಿಗೆ ಔಷಧಿ ಏನಾದರೂ ತೆಗೆದುಕೊಂಡರಾ ಎಂದು. ಕೇಳುವ ಕಾರಣವನ್ನೂ ಬಿಡಿಸಿ ಹೇಳಿದರು. ಈ ವಯಸ್ಸಿನ ಗಂಡಸರಿಗೆ ಮೂತ್ರಕೋಶದ ಬಾಯಲ್ಲಿರುವ ಗ್ರಂಥಿ ಊದಿರುತ್ತದೆ. ನೆಗಡಿಯ ಟಾನಿಕ್ಕು ಬಿದ್ದರೆ ದಾರಿ ಪೂರ್ತಿ ಮುಚ್ಚಿಕೊಳ್ಳಬಹುದು. ಟಾನಿಕ್ಕಿನ ಮೇಲೆ ಮಾತ್ರೆಯನ್ನೂ ನುಂಗಿದರೆ ಎಷ್ಟೋ ಸಲ ಒಂದೇ ಔಷಧಿಯನ್ನು ಎರಡು ಸಲ ನುಂಗಿದ ಹಾಗೆ. ಅದೇ ಕಾರಣವಾದರೆ ಔಷಧಿ ಇಳಿದ ಮೇಲೆ ಸರಿಹೋಗುತ್ತದೆ, ಇನ್ನು ಮುಂದೆ ಅದನ್ನು ಮುಟ್ಟದಿದ್ದರಾಯಿತು. ಏನೂ ತೆಗೆದುಕೊಂಡಿಲ್ಲ ಎಂದರೆ ಗ್ರಂಥಿಯೇ ಕೆಟ್ಟಿದೆ ಎಂದು ಲೆಕ್ಕ, ಆಪರೇಷನ್ ಮಾಡಬೇಕಾದೀತು.

ನನ್ನ ಪಕ್ಕದಲ್ಲಿ ಸೋದರಮಾವ ನಿಂತಿದ್ದರು. ಸೀನಿಗೆ ಹೆದರಿ ಅಣ್ಣನಿಗೆ ಸುಳ್ಳು ಹೇಳಿ ಔಷಧಿ ಕುಡಿಸಿದೆ ಎಂದು ಅವರೆದುರು ಹೇಗೆ ಹೇಳಲಿ?

"ಇಲ್ಲೈ ಸಾರ್" ಎಂದೆ.

ಮನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಬಾಟಲಿ ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲವೂ ಇತ್ತು. ನಿದ್ದೆ ಬರುತ್ತದೆ, ಗಾಡಿ ಹೊಡೆಯಬೇಡಿ. ಹೆಂಡದ ಜೊತೆ ಬೇಡ. ರಕ್ತದೊತ್ತಡ ಇದ್ದವರು, ಮೂತ್ರದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಕುಡಿಯಬೇಡಿ. ಮಾತ್ರೆಯ ಹಾಳೆಯಲ್ಲಿದ್ದ ಔಷಧಿಯ ಹೆಸರೇ ಬಾಟಲಿಯ ಮೇಲೂ ಇತ್ತು.

ಕೊಳವೆ ತೆಗೆದ ಮೇಲೆ ನೀರು ತಾನಾಗಿಯೇ ಹೋಯಿತು. ಆಪರೇಷನ್‌ಗೆ ಅಣ್ಣ ಒಪ್ಪಲಿಲ್ಲ. ಭಯ ಮಾತ್ರ ಅವನ ಮೈಗೆ ಅಂಟಿಕೊಂಡಿತು. ಯಾವಾಗ ಎಲ್ಲಿ ಕಟ್ಟಿಕೊಳ್ಳುತ್ತದೋ ಎಂದು ಬಸ್ಸು ಹತ್ತುವುದನ್ನು ಬಿಟ್ಟ. ಕೆಲಮಂಗಲದ ಸಂತೆ ಬಿಟ್ಟ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ. ಸಂತೆಗೆ ಹೋಗದೆ ಇದ್ದರೆ ಊಟ ಸೇರದು ಎನ್ನುತ್ತಿದ್ದವನು ಜಗಲಿಯಲ್ಲಿ ಕೂತು, ಸಂತೆಯಿಂದ ಬಂದವರನ್ನು, "ಯಾರ್ ಯಾರು ಸಿಕ್ಕಿದ್ರು? ನನ್ನ ಕೇಳಿದ್ರಾ?" ಎಂದು ವಿಚಾರಿಸುತ್ತಿದ್ದ. ಮೊದಮೊದಲು ಕೇಳಿದವರಿದ್ದರು. ನನ್ನ ಒಂದು ಮಾತಿನಿಂದ ಅವನು ಎದ್ದು ಸಂತೆಗೆ ಹೋಗಬಹುದಿತ್ತು. ಆ ಮಾತು ನನ್ನ ಹತ್ತಿರವೇ ಇತ್ತು.

ಒಮ್ಮೆ ಹೇಳಲು ಹೊರಟೆ. "ಅಣ್ಣಾ, ಅವತ್ತಿನ ಆ ಟಾನಿಕ್ಕು..." ಎಂದು ಶುರುಮಾಡಿದೆ.

ಅವನ ಮುಖ ಅರಳಿತು. "ಊ ಕಣ್ಲಾ, ನಾನೇ ಕೇಳಾನ ಅಂತಿದ್ದೆ. ಅದಿನ್ನೊಂದು ಬಾಟ್ಲು ತಂದ್ಕೊಡು. ಅವತ್ತು ಬಂದಂಥ ನಿದ್ದೆ ಆಮ್ಯಾಕೆ ಬರ್ಲೇ ಇಲ್ಲ."

ನಾನು, "ಈಗ ಅದು ಬರ್ತಾ ಇಲ್ಲ" ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಮದುವೆ ರಾಯಕೋಟೆಯಲ್ಲಿ, ಗಂಡಿನ ಮನೆಯ ಮುಂದೆ. ಅಣ್ಣ ಬರಲಿಲ್ಲ. "ಧಾರೆ ಹೊತ್ನಾಗೆ ನಂಗೆ ಕಟ್ಕಂಡ್ರೆ ಮಗಿಗೆ ಅವಮಾನ" ಅಂದ. ಗೌರಿ ಅವನ ಕಾಲು ಹಿಡಿದು ಅತ್ತಳು. ಎಲ್ಲರೂ ಬಾಡಿಗೆ ಬಸ್ಸು ಹತ್ತಿದೆವು. ಬಸ್ಸು ಹೊರಡಬೇಕು, ಹಾಳು ಮೂಗು, ಬಾಗಿಲಲ್ಲಿ ನಿಂತಿದ್ದ ನಾನು ಒಂಟಿ ಸೀನು ಸೀನಿಬಿಟ್ಟೆ. ಮುಂದಿನ ಸೀಟಿನವರು ಇಳಿದು ನೀರು ಕುಡಿಯಲು ಎದ್ದರು. ಅಷ್ಟರಲ್ಲಿ ಜಗಲಿಯ ಮೇಲಿಂದ ಎತ್ತುಗಳನ್ನು ಎಬ್ಬಿಸುವ ಆ ಹಳೆಯ ಸೀನು ಕೇಳಿಸಿತು. ಅಣ್ಣ ನಶ್ಯದ ಡಬ್ಬಿಯನ್ನು ಎತ್ತಿ ತೋರಿಸುತ್ತ, "ಜೋಡಿ ಆಯ್ತು, ಹೊಂಡ್ರಿ, ಹೊಂಡ್ರಿ!" ಎಂದು ಕೂಗಿದ. ಯಾವುದು ಬೀಳಬಾರದೆಂದು ಅವನಿಗೆ ಚಮಚಗಟ್ಟಲೆ ಕುಡಿಸಿದ್ದೆನೋ, ಅದೇ ಸೀನಿನಿಂದ ನನ್ನ ಮಗಳ ದಿಬ್ಬಣ ಹೊರಟಿತು.

ಕೆಲವು ವರ್ಷದ ಮೇಲೆ ಅಣ್ಣ ಬೇರೆಯದೇ ಕಾಯಿಲೆಯಲ್ಲಿ ಹೋದ. ನಾನು ಕೊನೆಗೂ ಹೇಳಲಿಲ್ಲ. ನನ್ನವಳೂ ಹೋದ ಮೇಲೆ ಹೊಸೂರಿಗೆ ಬಂದು, ಹೊಸ ಕಾರ್ಖಾನೆಗಳ ಕಡೆಯ ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೇನೆ. ಗೌರಿ ಕರೆಯುತ್ತಾಳೆ; ಅವಳ ಮನೆಯಲ್ಲಿ ಆ ಸೋದರಮಾವನವರ ಮುಖ ನೋಡಬೇಕಲ್ಲ ಎಂದು ಹೋಗುವುದಿಲ್ಲ. ಈಗ ನನಗೂ ಅಣ್ಣನ ವಯಸ್ಸು, ಅಣ್ಣನ ಗ್ರಂಥಿ. ಮೊನ್ನೆ ನೆಗಡಿಯೆಂದು ಹೋದಾಗ ಡಾಕ್ಟರು, "ಏನಾದರೂ ಔಷಧಿ ತಗೊಂಡಿದೀರಾ?" ಅಂದರು. ಆ ಪ್ರಶ್ನೆಗೆ ಇಷ್ಟು ವರ್ಷ ಕಾದಿದ್ದವನಂತೆ ನಾನು ಎಲ್ಲವನ್ನೂ ಹೇಳಿದೆ. ಸಾರಿನ ಚಮಚ, ಜೀಪು, ಇಲ್ಲೈ ಸಾರ್. ಅವರಿನ್ನೂ ಹುಡುಗರು. ತಾಳ್ಮೆಯಿಂದ ಕೇಳಿ, "ತಾತಾ, ನಾನು ಕೇಳಿದ್ದು ನಿಮ್ಮದನ್ನ" ಅಂದರು.

ಬೆಳಿಗ್ಗೆ ಜಗಲಿಯಲ್ಲಿ ಕೂರುತ್ತೇನೆ. ಎದುರುಮನೆಯ ಹುಡುಗಿ ಸರೋಜ ಕಾರ್ಖಾನೆಯ ಬಸ್ಸಿಗೆ ಓಡುವ ಹೊತ್ತು. ಈ ಚಳಿಯಲ್ಲಿ ಅವಳಿಗೂ ಮೂಗು ಸರಿಯಿಲ್ಲ. "ನಿದ್ದೆ ಬರೋ ಮಾತ್ರೆ ನುಂಗಿ ಮಿಷಿನ್ ಮುಂದೆ ನಿಲ್ಲಬೇಡಮ್ಮ. ಟಾನಿಕ್ಕು ಕುಡಿದ್ರೆ ಮಾತ್ರೆ ಬೇಡ" ಎಂದು ದಿನಾ ಹೇಳುತ್ತೇನೆ. "ಗೊತ್ತು ತಾತಾ, ನಿನ್ನೇನೂ ಹೇಳಿದ್ರಿ" ಎಂದು ಅವಳೂ ದಿನಾ ಹೇಳುತ್ತಾಳೆ. ನನಗೆ ಒಂಟಿ ಸೀನು ಬಂದರೂ, ನಾನು ಎಲ್ಲಿಗೂ ಹೊರಡುವವನಲ್ಲವಾದ್ದರಿಂದ ನೀರು ಕುಡಿಯುವ ಕೆಲಸವಿಲ್ಲ. ಆದರೂ ಎರಡನೆಯದು ಎಲ್ಲಿಂದಲಾದರೂ ಕೇಳಿಸೀತೇ ಎಂದು ಸ್ವಲ್ಪ ಹೊತ್ತು ಕಿವಿ ಕೊಟ್ಟಿರುತ್ತೇನೆ.

ಈವತ್ತು ಸರೋಜ ಗೇಟಿನ ಹತ್ತಿರ ಸೀನಿದಳು. ಒಂದೇ. ತಡೆದು ನಿಂತಳು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಒಳಗೆ ಹೋಗಿ ನೀರು ಕುಡಿದರೆ ಬಸ್ಸು ಸಿಕ್ಕುವುದಿಲ್ಲ. ನಾನು ಜೇಬಿನಲ್ಲೇ ಇಟ್ಟುಕೊಂಡಿರುವ ಅಣ್ಣನ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದೆ. ಅಭ್ಯಾಸವಿಲ್ಲದ ಮೂಗು, ಕಣ್ಣಲ್ಲೆಲ್ಲ ನೀರು ಬಂತು. ಬಂದ ಸೀನೋ, ಅದೇ ಹಳೆಯ ಬೆಕ್ಕಿನ ಸೀನು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಗಾಬರಿಯಾಯಿತು.

ಕೇಳಿಸಿತು. ತಿರುಗಿ ನೋಡಿ, ನಕ್ಕು, ಓಡಿದಳು.