ಕತ್ತರಿಸದೆ ಉಳಿಸಿದ ಬಟ್ಟೆ

ಅವರ ಬಲಗೈ ಮಣಿಕಟ್ಟಿನವರೆಗೂ ನೀಲಿಯಾಗಿತ್ತು. ಜೀನ್ಸ್ ಬಟ್ಟೆ ಬಿಟ್ಟ ಬಣ್ಣ ಅದು; ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಕಿವಿಯ ಮೇಲೆ ಯಾವಾಗಲೂ ಒಂದು ಚಪ್ಪಟೆ ಸೀಮೆಸುಣ್ಣ. ಬಳ್ಳಾರಿಯ ನಮ್ಮ ಜೀನ್ಸ್ ಘಟಕದಲ್ಲಿ ಅವರು ಕಟಿಂಗ್ ಮಾಸ್ಟರ್, ನಾನು ಮ್ಯಾನೇಜರ್. ಹನ್ನೊಂದು ವರ್ಷ ಒಂದೇ ಸೂರಿನಡಿ ದುಡಿದೆವು. ಅಷ್ಟೂ ವರ್ಷ ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಈಗ ಬರೆಯಲು ಅಡ್ಡಿಯಿಲ್ಲ.

ನಾನು ಸೇನೆಯ ಉಗ್ರಾಣದಲ್ಲಿ ಪಳಗಿ ಬಂದವನು. ಐದಕ್ಕೆ ಏಳುವುದು, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮೇಜಿನ ಮುಂದೆ ಕೂರುವುದು, ಬಂದ ಮಾತನ್ನೆಲ್ಲ ಗಂಟೆ ಸಮೇತ ಪುಸ್ತಕದಲ್ಲಿ ಬರೆಯುವುದು. ಗೋಡೆಗೆ ಮೂರು ತಿಂಗಳ ಕೆಲಸದ ಪಟ್ಟಿ ಅಂಟಿಸಿದ್ದೆ. ಕತ್ತರಿಸುವುದು ಕಪ್ಪು ಶಾಯಿ, ಹೊಲಿಯುವುದು ನೀಲಿ, ಸಾಗಿಸುವುದು ಕೆಂಪು. ಮೊದಮೊದಲು ಅದು ಗಡಿಯಾರದಂತೆ ನಡೆಯಿತು. ದೊಡ್ಡ ವ್ಯಾಪಾರಿಗಳು ಹಬ್ಬಕ್ಕೆ ನಾಲ್ಕು ತಿಂಗಳ ಮೊದಲೇ ಒಂದೇ ನಮೂನೆಯ ಸಾವಿರಾರು ಪ್ಯಾಂಟ್ ಹೇಳುತ್ತಿದ್ದರು.

ಆಮೇಲೆ ಫೋನಿನಲ್ಲೇ ಬಟ್ಟೆ ಕೊಳ್ಳುವ ಕಾಲ ಬಂತು. ಈ ವಾರ ಐವತ್ತು, ಮುಂದಿನ ವಾರ ಇನ್ನೂರು, ನಮೂನೆ ಬೇರೆ, ಎಂಟೇ ದಿನದಲ್ಲಿ ಬೇಕು. ನನ್ನ ಪಟ್ಟಿಯ ಮೇಲೆ ತಿದ್ದುಪಡಿ, ತಿದ್ದುಪಡಿಯ ಮೇಲೆ ಕಾಗದದ ತುಂಡು. ಮಾಸ್ಟರಿಗೆ ಮಾತ್ರ ಏನೂ ಆಗಲಿಲ್ಲ. ಅವರ ಯೋಜನೆಯೆಲ್ಲ ಕಟಿಂಗ್ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಲ್ಲಿರುತ್ತಿತ್ತು. ಬೆಳಿಗ್ಗೆ ಬರೆದು ಮಧ್ಯಾಹ್ನ ಅಂಗೈಯಿಂದ ಒರೆಸುತ್ತಿದ್ದರು.

ನಮ್ಮ ಹೊಲಿಗೆ ನಡೆಯುತ್ತಿದ್ದುದು ಮನೆಗಳಲ್ಲಿ. ಕುರುಗೋಡಿನಲ್ಲಿ ಹನ್ನೆರಡು ಮನೆ, ಸಿರುಗುಪ್ಪದ ಕಡೆ ರಾರಾವಿಯಲ್ಲಿ ಎಂಟು. ನಾನು ಕೆಲಸವನ್ನು ಎರಡೂ ಊರಿಗೆ ಸಮನಾಗಿ ಹಂಚಿದ್ದೆ. ಮಾಸ್ಟರು ಪಟ್ಟಿ ನೋಡಿ ನಕ್ಕರು.

"ಸಾರ್, ರಾರಾವ್ಯಾಗ ಭತ್ತದ ನಾಟಿ ನಡದೈತಿ. ಹೆಣ್ಮಕ್ಕಳೆಲ್ಲ ಕೆಸರಿನ್ಯಾಗ ಅದಾರ. ಈ ತಿಂಗಳು ಕುರುಗೋಡಿಗೆ ಕೊಡ್ರಿ. ಅಲ್ಲಿ ಮೆಣಸಿನಕಾಯಿ ಬಿಡಿಸೂ ಮುಂದ ಇವರಿಗೆ ಕೊಟ್ರಾತು."

ಸರಿಯಾದ ಮಾತು. ಅದನ್ನು ನಾನು ಹೇಳಬೇಕಿತ್ತು. ಅಂದಿನಿಂದ ಘಟಕದ ಒಡೆಯರಾದ ಸಾವ್ಕಾರರು ಬಂದರೆ ಮೊದಲು ಕಟಿಂಗ್ ಮೇಜಿಗೆ ಹೋಗುತ್ತಿದ್ದರು, ಆಮೇಲೆ ನನ್ನ ಬಳಿಗೆ. ನಡುವಿನ ಹದಿನೈದು ಹೆಜ್ಜೆಗಳನ್ನು ನಾನು ಕುಳಿತಲ್ಲಿಂದಲೇ ಎಣಿಸುತ್ತಿದ್ದೆ. ಕುರುಗೋಡಿನ ಹೊಲಿಗೆ ನೋಡಿಕೊಳ್ಳುತ್ತಿದ್ದ ಅಕ್ಕ ಕತ್ತರಿಸಿದ ಬಟ್ಟೆಯ ಗಂಟು ಒಯ್ಯಲು ಬಂದಾಗಲೆಲ್ಲ ನನಗೆ ಕೇಳಿಸುವಂತೆ ಕೇಳುತ್ತಿದ್ದಳು: "ಮಾಸ್ಟ್ರ, ನಿಮ್ಮ ಮ್ಯಾನೇಜರ್ ಸಾರು ಗಡಿಯಾರ ನುಂಗ್ಯಾರೇನ್ರಿ? ಹೊಟ್ಟ್ಯಾಗ ಟಿಕ್ ಟಿಕ್ ಅಂತೈತಿ."

ಮಾಸ್ಟರು, "ಸುಮ್ನಿರಬೇ, ಆ ಗಡಿಯಾರ ಇರೋದಕ್ಕ ನಿನ್ನ ಗಂಟು ಟೈಮಿಗೆ ಸಿಗ್ತೈತಿ" ಎನ್ನುವರು. ಆ ಹೊಗಳಿಕೆಯೂ ನನಗೆ ಚುಚ್ಚುತ್ತಿತ್ತು.

ಅವರದೊಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಯಾವ ಆರ್ಡರೇ ಇರಲಿ, ಮೊದಲ ದಿನ ಅರ್ಧ ಬಟ್ಟೆ ಮಾತ್ರ ಕತ್ತರಿಸುತ್ತಿದ್ದರು. ಉಳಿದದ್ದನ್ನು ಮಡಚಿ ಮೇಜಿನ ಕೆಳಗಿಡುತ್ತಿದ್ದರು. ಏಕೆಂದು ಗದರಿದೆ.

"ಕತ್ತರಿಸಿದ ಬಟ್ಟಿ ಯಾರ ಮಾತೂ ಕೇಳಲ್ಲ ಸಾರ್. ಅರ್ಧ ಹಂಗ ಇದ್ರ, ನಾಳೆ ಯಾರರ ಏನರ ಹೇಳಿದ್ರ ಕೇಳ್ತೈತಿ."

ಒಂದು ನಾಟಿಯ ಕಾಲ. ಆರುನೂರು ಪ್ಯಾಂಟಿನ ಆರ್ಡರ್. ಕೊಟ್ಟವನು ಹೊಸ ವ್ಯಾಪಾರಿ. ಇದು ಸರಿಹೋದರೆ ಇಪ್ಪತ್ತೂ ಮನೆಗಳಿಗೆ ವರ್ಷವಿಡೀ ಕೆಲಸ, ತಪ್ಪಿದರೆ ಅವನು ಬೇರೆ ಊರಿಗೆ ಹೋಗುವವನು. ಬುಧವಾರ ಸಂಜೆ ಅವನ ಫೋನು ನನಗೆ ಬಂತು. ಪ್ಯಾಂಟಿನ ಕಾಲು ಬಿಗಿ ಬೇಡ, ಅಗಲ ಇರಲಿ, ಎಂದ. ಪುಸ್ತಕದಲ್ಲಿ ಬರೆದುಕೊಂಡೆ. ಮಾಸ್ಟರಿಗೆ ಹೇಳಲಿಲ್ಲ. ಬರವಣಿಗೆಯಲ್ಲಿ ಬಾರದ ಬದಲಾವಣೆಯನ್ನು ಒಪ್ಪಕೂಡದು ಎಂಬ ಹಳೆಯ ನಿಯಮವನ್ನು ಮನಸ್ಸಿಗೆ ಹೇಳಿಕೊಂಡೆ. ನಿಜ ಅದಲ್ಲ. ಅವರು ಒಮ್ಮೆ ಬೀಳುವುದನ್ನು ನೋಡಬೇಕಿತ್ತು.

ಗುರುವಾರ ಇಡೀ ದಿನ ಕತ್ತರಿ ಯಂತ್ರ ಓಡಿತು. ಮೂರು ಬಾರಿ ಆ ಮೇಜಿನ ಪಕ್ಕದಲ್ಲೇ ಹಾದುಹೋದೆ. ಮೂರು ಬಾರಿಯೂ ಅವರು ತಲೆಯೆತ್ತಿ "ಸಾರ್?" ಎಂದರು, ನಾನು "ಏನಿಲ್ಲ" ಎಂದೆ. ಶುಕ್ರವಾರ ಬೆಳಿಗ್ಗೆ ಈಗಷ್ಟೇ ತಿಳಿದವನಂತೆ ಹೇಳಿದೆ.

ಅವರು ಕೂಗಾಡಲಿಲ್ಲ. ಮೇಜಿನ ಕೆಳಗಿನ ಬಟ್ಟೆ ಎಳೆದು ಹಾಸಿದರು. ಮುನ್ನೂರು ಅಗಲ ಕಾಲಿನವು ಅಂದು ಸಂಜೆಯೇ ಕುರುಗೋಡಿಗೆ ಹೋದವು. ವ್ಯಾಪಾರಿಗೆ ತಾವೇ ಫೋನು ಮಾಡಿ, ಅರ್ಧ ಈಗ, ಉಳಿದರ್ಧ ಹೊಸ ಬಟ್ಟೆ ಬಂದಮೇಲೆ ಎಂದು ಒಪ್ಪಿಸಿದರು. ಕೆಟ್ಟ ಮುನ್ನೂರನ್ನು ಮೊಣಕಾಲಿಗೆ ಕತ್ತರಿಸಿ ಚಡ್ಡಿ ಮಾಡಿದರು. ಆ ವ್ಯಾಪಾರಿಯೇ ಅವನ್ನೂ ಕೇಳಿ ಪಡೆದ. ಸಾವ್ಕಾರರು ಅವರ ಬೆನ್ನು ತಟ್ಟಿದರು. ನಾನು ತೋಡಿದ ಗುಂಡಿ ಅವರಿಗೆ ಮೆಟ್ಟಿಲಾಗಿತ್ತು.

ಮರುವಾರ ಮಾಸ್ಟರು ನನ್ನ ಮೇಜಿಗೆ ಬಂದರು. ವ್ಯಾಪಾರಿ ಹೇಳಿದ ಅಳತೆ ನೋಡಬೇಕೆಂದರು. ಪುಸ್ತಕ ಅವರ ಕಡೆ ತಿರುಗಿಸಿದ ಮೇಲೆ ನನಗೆ ಹೊಳೆಯಿತು. ಬುಧವಾರ, ನಾಲ್ಕು ಗಂಟೆ ಹತ್ತು ನಿಮಿಷ. ನನ್ನದೇ ಅಚ್ಚುಕಟ್ಟಾದ ಅಕ್ಷರ.

ನೀಲಿ ಬೆರಳು ಆ ಸಾಲಿನ ಮೇಲೆ ನಿಂತಿತು.

"ಬುಧವಾರ ಬರದೀರಿ. ನನಗ ಶುಕ್ರವಾರ ಹೇಳಿದ್ರಿ. ನಡುವಿನ ಗುರುವಾರ ಎಲ್ಲಿ ಹೋತ್ರಿ ಸಾರ್?"

ಅವರು ಪುಸ್ತಕ ಮುಚ್ಚಿದರು.

"ನನ್ನ ಮ್ಯಾಲೆ ಸಿಟ್ಟು ಬಂದ್ರ ನನಗ ಬೈರಿ. ಬಟ್ಟಿ ಮ್ಯಾಲೆ ತೀರಿಸ್ಕೋಬ್ಯಾಡ್ರಿ. ಅದನ್ನ ಹೊಲಿಯೋರು ಬ್ಯಾರೆ ಅದಾರ."

ಸಾವ್ಕಾರರಿಗೆ ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಬದಲಿಗೆ ಅಂದಿನಿಂದ ಪ್ರತಿ ಗುರುವಾರ ಹತ್ತು ಗಂಟೆಗೆ ಎರಡು ಲೋಟ ಚಹಾ ಹಿಡಿದು ನನ್ನೆದುರು ಕೂರತೊಡಗಿದರು. ಒಂದೇ ಪ್ರಶ್ನೆ: "ಏನರ ಬದಲಾಗೇತೇನ್ರಿ ಸಾರ್?" ನಾನು ವ್ಯಾಪಾರಿಗಳಿಗೆ ಫೋನು ಮಾಡಿ ಕೇಳಿ ಹೇಳುವುದು, ಅವರು ಹೋಗಿ ಮೇಜಿನ ಅಂಚನ್ನು ಒರೆಸಿ ಬರೆಯುವುದು. ಮೂರು ತಿಂಗಳ ಪಟ್ಟಿಯನ್ನು ನಾನೇ ಗೋಡೆಯಿಂದ ಕಿತ್ತೆ. ಘಟಕ ಉಳಿದದ್ದು ಆ ಗುರುವಾರಗಳಿಂದ. ಆ ಹೆಸರೂ ಅವರಿಗೇ ಹೋಯಿತು.

ಈ ಮಳೆಗಾಲದಲ್ಲಿ ಶ್ವಾಸಕೋಶ ಕೈಕೊಟ್ಟು ಅವರು ತೀರಿಕೊಂಡರು. ಸತ್ಯನಾರಾಯಣಪೇಟೆಯ ಅವರ ಮನೆಯ ಮುಂದೆ ಎರಡು ಟೆಂಪೊಗಳಲ್ಲಿ ಕುರುಗೋಡು, ರಾರಾವಿಯ ಹೆಂಗಸರು ಬಂದಿಳಿದರು. ನಾಟಿ ಬಿಟ್ಟು ಬಂದವರ ಕಾಲಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ನನಗಾಗಿ ಯಾರು ಹೀಗೆ ಕೆಲಸ ಬಿಟ್ಟು ಬಂದಾರು ಎಂದು ಅಲ್ಲಿಯೂ ಯೋಚಿಸಿದೆ.

ಎರಡು ದಿನ ಬಿಟ್ಟು ಕುರುಗೋಡಿನ ಅಕ್ಕ ಘಟಕಕ್ಕೆ ಬಂದಳು. ಮೇಜಿನ ಕೆಳಗೆ ಬಗ್ಗಿ ಮಡಚಿದ ಅರ್ಧ ಬಟ್ಟೆಯನ್ನು ಹೊರಗೆ ತೆಗೆದಳು. ಅದರ ಮೇಲೆ ಸೀಮೆಸುಣ್ಣದಲ್ಲಿ, ಅವರ ಓರೆಕೋರೆ ಅಕ್ಷರಗಳಲ್ಲಿ ಬರೆದಿತ್ತು: ಸಾರ್‌ನ್ನ ಕೇಳಿ ಕತ್ತರಿಸೋದು.

"ನಿಮ್ಮನ್ನ ಕೇಳದ ಒಂದ ಗೇಣೂ ಕತ್ತರಿಸ್ತಿದ್ದಿಲ್ರಿ ಅವರು" ಎಂದಳು. ಅಂದು ಅವಳು ಗಡಿಯಾರದ ಮಾತೆತ್ತಲಿಲ್ಲ.

ಗೋಡೆಯ ಗಡಿಯಾರ ನೋಡಿದೆ. ಗುರುವಾರ, ಹತ್ತು ಗಂಟೆ. ಆ ಬಟ್ಟೆಯ ಆರ್ಡರ್ ಕೊಟ್ಟ ವ್ಯಾಪಾರಿಗೆ ಫೋನು ಮಾಡಿದೆ. ಏನೂ ಬದಲಾಗಿಲ್ಲ ಎಂದ. ಗಂಟೆ ಸಮೇತ ಪುಸ್ತಕದಲ್ಲಿ ಬರೆದುಕೊಂಡೆ. ಅದನ್ನು ಹೇಳಲು ಈ ಸಲ ನಾನೇ ಎದ್ದು ಹದಿನೈದು ಹೆಜ್ಜೆ ನಡೆದು ಆ ಮೇಜಿನ ಮುಂದೆ ನಿಂತೆ.