ಪೆರ್ಚುಮಾ ಗಂಜಿ

ರಾಯದುರ್ಗದ ನಮ್ಮ ಜೀನ್ಸ್ ಹೊಲಿಯುವ ಅಂಗಡಿಗೆ ಬೀಗ ಜಡಿದು ನಾವಿಬ್ಬರು, ಗಂಡ ಹೆಂಡತಿ, ತಿಂಗಳುಗಟ್ಟಲೆ ದೇಶ ಸುತ್ತಲು ಹೊರಟಿದ್ದೆವು. ಕೈಯಲ್ಲಿ ಕಾಸು ಕಮ್ಮಿ, ಮುಖದಲ್ಲಿ ನಾಚಿಕೆ ಇನ್ನೂ ಕಮ್ಮಿ. ಇಳಿದುಕೊಂಡ ಮನೆಯ ಹರಿದ ಪರದೆ, ದೊಗಲೆ ಪ್ಯಾಂಟು ಎಲ್ಲ ಹೊಲಿದುಕೊಟ್ಟು ನಾನು ಜಾಗ ಗಿಟ್ಟಿಸುತ್ತಿದ್ದೆ. ನಮ್ಮ ಯಜಮಾನರಿಗೆ ಇದು ಮರ್ಯಾದೆಗೇಡು. ಹಾಗೆ ಗಿಟ್ಟಿಸಿದ ಹಾಸಿಗೆಯಲ್ಲಿ ಮೊದಲು ಗೊರಕೆ ಹೊಡೆಯುತ್ತಿದ್ದವರೂ ಅವರೇ.

ಮಲೇಷ್ಯಾದ ಮಲಕ್ಕಾದಲ್ಲಿ ನಾನು ಕಲಿತ ಮೊದಲ ಮಾತು ‘ಪೆರ್ಚುಮಾ’. ಅಂದರೆ ಪುಕ್ಕಟೆ. ಬೋರ್ಡಿನ ಮೇಲೆ ಆ ಪದ ಕಂಡರೆ ಸಾಕು, ಜೀವ ಹಿಗ್ಗುತ್ತಿತ್ತು. ಅಲ್ಲಿನ ಮನೆಯೊಡತಿಗೆ ಕಡಲಾಚೆಯ ಇಂಡೋನೇಷ್ಯಾದವರನ್ನು ಬೈಯದಿದ್ದರೆ ಕಾಫಿ ರುಚಿಸುತ್ತಿರಲಿಲ್ಲ. ಬಾಟಿಕ್ ಬಟ್ಟೆ ನಮ್ಮದು, ಹಾಡು ನಮ್ಮದು, ಎಲ್ಲ ತಮ್ಮದೇ ಅಂತಾರೆ ಅವರು ಎಂದು ಗೊಣಗುತ್ತಿದ್ದಳು. ಭಾಷೆ ಮಾತ್ರ ಎರಡೂ ಕಡೆ ಒಂದೇ, ನಿನಗೇನೂ ತೊಂದರೆಯಿಲ್ಲ ಎಂದಳು. ನಾನು ನಂಬಿದೆ.

ಹಡಗು ಹತ್ತಿ ಇಂಡೋನೇಷ್ಯಾದ ಸುಮಾತ್ರಾಕ್ಕೆ ಹೋದದ್ದೇ ತಡ, ಯಜಮಾನರಿಗೆ ಮೈ ಸುಡುವ ಜ್ವರ. ಗುರುತಿಲ್ಲದ ಊರು, ಗಂಟಲಲ್ಲಿ ಅನ್ನ ಇಳಿಯದ ಗಂಡ. ನಿಜಕ್ಕೂ ಹೆದರಿದೆ. ಕೋಣೆ ಕೊಟ್ಟಿದ್ದ ವಿಧವೆ ಹೊತ್ತುಹೊತ್ತಿಗೆ ಶುಂಠಿ ಹಾಕಿದ ಗಂಜಿ ತಂದು, ಕಾಸು ಕೊಡಹೋದರೆ ಕೈ ತಳ್ಳುತ್ತಿದ್ದಳು. ಜ್ವರ ಸ್ವಲ್ಪ ಇಳಿದಾಗ ನನ್ನ ಕಣ್ಣು ತುಂಬಿ, ಅವಳ ಬಟ್ಟಲು ತೋರಿಸಿ, ಕೈಮುಗಿದು, “ಪೆರ್ಚುಮಾ” ಎಂದೆ. ಎಲ್ಲ ಪುಕ್ಕಟೆ ಕೊಟ್ಟೆಯಲ್ಲ ತಾಯಿ ಎಂದು ನನ್ನ ಲೆಕ್ಕ.

ಅವಳ ಮುಖ ಸಪ್ಪಗಾಯಿತು. ಬಟ್ಟಲು ಎತ್ತಿಕೊಂಡು ಹೋದಳು. ಮಧ್ಯಾಹ್ನ ಗಂಜಿ ಬರಲಿಲ್ಲ.

“ಅಲ್ಲಾ, ಗೊತ್ತಿಲ್ಲದ ಮಾತು ನಿನಗ್ಯಾಕ ಬೇಕಿತ್ತು?” ಎಂದು ಯಜಮಾನರು ಹಾಸಿಗೆಯಿಂದಲೇ ಗದರಿಸಿದರು. ನಮ್ಮನ್ನು ಹೊರಹಾಕಿದರೆ ಈ ಮೈಯಲ್ಲಿ ಇವರನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ನನಗೆ ದಿಗಿಲು.

ಸಂಜೆ ಅವಳೇ ಬಂದು, ಆಡಿದ ಮಾತನ್ನು ಅನುವಾದಿಸುವ ಫೋನು ಹಿಡಿದಳು. ಫೋನು ಪಾಠದ ಕನ್ನಡದಲ್ಲಿ, “ನನ್ನ ಗಂಜಿ ವ್ಯರ್ಥವಾಯಿತೇ?” ಎಂದಿತು. ನಾನು ತಬ್ಬಿಬ್ಬಾಗಿ ಆ ಪದವನ್ನು ಮತ್ತೆ ಹೇಳಿ, ಮಲಕ್ಕಾದ ಬೋರ್ಡಿನ ಫೋಟೋ ತೋರಿಸಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಮಲೇಷ್ಯಾದಲ್ಲಿ ಪುಕ್ಕಟೆ ಎಂದಾಗುವ ಪದಕ್ಕೆ ಇವರಲ್ಲಿ ವ್ಯರ್ಥ, ದಂಡ ಎಂದು ಅರ್ಥವಂತೆ. ಆಮೇಲೆ ಮಲೇಷ್ಯಾದವರಿಗೆ ಮಂಗಳಾರತಿ ಶುರುವಾಯಿತು. ಬಾಟಿಕ್ ನಮ್ಮದು, ಹಾಡು ನಮ್ಮದು, ಈಗ ನೋಡು, ನಮ್ಮ ಪದವನ್ನೂ ಕೆಡಿಸಿಟ್ಟಿದ್ದಾರೆ. ರಾತ್ರಿಯ ಗಂಜಿ ಬಟ್ಟಲು ತುಂಬ ಬಂತು.

ಯಜಮಾನರು ನಕ್ಕರು. ನಾನು ನಗಲಿಲ್ಲ. ನನ್ನ ತವರು ಮಡಕಶಿರಾ ಕಡೆಯ ಅಮರಾಪುರ; ಅಲ್ಲಿ ನಮ್ಮವರೆನಿಸಿದ ಹಿರಿಯರಿಗೂ ‘ಬಾ’ ಎನ್ನುವುದೇ ರೂಢಿ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯನ್ನು ಅಕ್ಕರೆಯಿಂದ, “ಅತ್ತೆ, ಉಣ್ಣಾಕೆ ಬಾ” ಎಂದು ಕರೆದಿದ್ದೆ. ರಾಯದುರ್ಗದಲ್ಲಿ ಹಿರಿಯರಿಗೆ ‘ಬರ್ರಿ’ ಎನ್ನಬೇಕು. ಅತ್ತೆ ಅಂದು ಊಟಕ್ಕೆ ಏಳಲೇ ಇಲ್ಲ. “ರೀ ಅನ್ನಾಕ ಬರಂಗಿಲ್ಲೇನು ಈಕಿಗೆ?” ಎಂದು ಗೋಡೆಗೆ ಹೇಳಿದರು. ಈ ಮಾತು ಎಲ್ಲಿಯದು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಕಷ್ಟಪಟ್ಟು ‘ರೀ’ ಕಲಿತೆ. ಅದು ನಾಲಿಗೆಗೆ ಎಷ್ಟು ಅಂಟಿತೆಂದರೆ, ಹಬ್ಬಕ್ಕೆ ತವರಿಗೆ ಹೋದಾಗ ಅಮ್ಮನಿಗೂ, “ಬರ್ರಿ, ಕೂಡ್ರಿ” ಎಂದುಬಿಟ್ಟೆ. ಅಮ್ಮ, “ನನ್ನೂ ನೆಂಟ್ರು ಮಾಡ್ಬುಟ್ಯಾ?” ಎಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ.

ಯಜಮಾನರು ಚೇತರಿಸಿಕೊಂಡು ನಾವು ಹೊರಟ ದಿನ ವಿಧವೆ ಬಸ್ಸಿನವರೆಗೂ ಬಂದಳು. ನಿಮ್ಮ ಭಾಷೆಯಲ್ಲಿ ನನ್ನನ್ನು ನಿಮ್ಮೂರಿಗೆ ಹೇಗೆ ಕರೆಯುತ್ತೀ ಎಂದು ಫೋನಿನಲ್ಲಿ ಕೇಳಿದಳು. ಯಜಮಾನರು, “ಬರ್ರಿ ಅನ್ನು” ಎಂದು ಪಿಸುಗುಟ್ಟಿದರು.

ನಾನು ಅವಳ ಕೈ ಹಿಡಿದು, “ನಮ್ಮೂರಿಗೆ ಬಾ” ಎಂದೆ.